ಜಪಾನಿನ ರಾಕ್ ತಂಡಗಳಲ್ಲಿ ‘ಗ್ರಂಜ್’ ಎಂಬುದು ನಿಜಕ್ಕೂ ಇದೆಯೇ, ಇಲ್ಲವೇ ನಾವು ಅಂಟಿಸಿದ ಚೀಟಿಯೇ?

ಮೂರನೇ ತಂತಿ

ಗೆಳೆಯರೇ, ಎರಡು ವಾರಗಳಿಂದ ನನಗೂ ನನ್ನ ಸಹೋದ್ಯೋಗಿಯೊಬ್ಬರಿಗೂ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ನಡೆಯುತ್ತಿರುವ ಜಗಳವನ್ನು ಇಲ್ಲಿ ತಂದು ನಿಮ್ಮ ಮುಂದಿಡುತ್ತಿದ್ದೇನೆ. ನಾನು ಇತ್ತೀಚೆಗೆ ನಂಬರ್ ಗರ್ಲ್ ಎಂಬ ಜಪಾನಿನ ತಂಡದ 1999ರ ಆಲ್ಬಮ್ ‘ಸ್ಕೂಲ್ ಗರ್ಲ್ ಡಿಸ್ಟಾರ್ಷನಲ್ ಅಡಿಕ್ಟ್’ ಕೇಳಿದೆ. ಕಾಲೇಜಿನ ದಿನಗಳಲ್ಲಿ ಹಾಸ್ಟೆಲ್ ಕೋಣೆಯಲ್ಲಿ ಅಮೆರಿಕದ ನಿರ್ವಾಣ ತಂಡದ ‘ನೆವರ್‌ಮೈಂಡ್’ ಕ್ಯಾಸೆಟ್ಟನ್ನು ಮೊದಲ ಸಲ ಹಾಕಿದಾಗ ಮೈಮೇಲೆ ಬಂದಂತಾಗಿದ್ದ ಅದೇ ಅನುಭವ ಮರಳಿ ಬಂದಿತು. ಭಾಷೆಯ ಒಂದು ಪದವೂ ಅರ್ಥವಾಗದಿದ್ದರೂ ಆ ಗಿಟಾರಿನ ಕರ್ಕಶತೆಯಲ್ಲಿ ಯಾರೋ ಪರಿಚಿತರು ಮಾತನಾಡುತ್ತಿರುವಂತೆ ತೋರಿತು.

ಸಹೋದ್ಯೋಗಿಯ ವಾದ ಹೀಗಿದೆ: ಗ್ರಂಜ್ ಎಂಬುದು ಅಮೆರಿಕದ ಸಿಯಾಟಲ್ ನಗರದ ಮಳೆ, ನಿರುದ್ಯೋಗ ಮತ್ತು ಬೇಸರದಿಂದ ಹುಟ್ಟಿದ, ಕರ್ಕಶ ಗಿಟಾರಿನ ರಾಕ್ ಸಂಗೀತ, ಅಚ್ಚುಕಟ್ಟಿಗೆ ಹೆಸರಾದ ಜಪಾನಿನಲ್ಲಿ ಅದು ಹುಟ್ಟುವುದಕ್ಕೆ ಸಾಧ್ಯವೇ ಇಲ್ಲ, ಅಲ್ಲಿ ಇರುವುದು ಬರಿಯ ನಕಲು. ನನಗೆ ಹಾಗೆನ್ನಿಸುತ್ತಿಲ್ಲ, ಆದರೆ ಉತ್ತರಿಸುವಷ್ಟು ತಿಳಿವಳಿಕೆಯೂ ಇಲ್ಲ. ಯಾವ ತಂಡಗಳು ನಿಜವಾಗಿ ಗ್ರಂಜ್‌ನಿಂದ ಪಡೆದುಕೊಂಡಿವೆ, ಪಡೆದದ್ದನ್ನು ಏನು ಮಾಡಿವೆ ಎಂದು ಬಲ್ಲವರು ತಿಳಿಸಬೇಕು.

ಕಾಫಿಪುಡಿ

ಇದರಲ್ಲಿ ಯೋಚಿಸುವುದೇನಿದೆ? ಒಸಾಕಾದ ಶೋನೆನ್ ನೈಫ್ ತಂಡದಿಂದ ಆರಂಭಿಸಿ. ನಿರ್ವಾಣದ ಹಾಡುಗಾರ ಕರ್ಟ್ ಕೊಬೇನ್ ಸ್ವತಃ ಅವರ ಅಭಿಮಾನಿಯಾಗಿದ್ದರು.

ಪಂಚಾಂಗ

ಕಾಫಿಪುಡಿ ಅವರೇ, ಮಗನ ಮದುವೆಗೆ ಹೋಗಿ ಅಪ್ಪನ ನಾಮಕರಣ ಮಾಡಿದಂತಾಯಿತು ನಿಮ್ಮ ಉತ್ತರ. ಶೋನೆನ್ ನೈಫ್ ಆರಂಭವಾದದ್ದು 1981ರ ಡಿಸೆಂಬರಿನಲ್ಲಿ. ಆಗ ಕೊಬೇನ್ ಹದಿನಾಲ್ಕು ವರ್ಷದ ಹುಡುಗ. ಯಮಾನೊ ನಾವೊಕೊ, ಆಕೆಯ ತಂಗಿ ಅತ್ಸುಕೊ ಮತ್ತು ಗೆಳತಿ ನಕಾತಾನಿ ಮಿಚಿಯೆ ಎಂಬ ಮೂವರು ಯುವತಿಯರು ರಮೋನ್ಸ್ ಮತ್ತು ಬೀಟಲ್ಸ್ ತಂಡಗಳ ಮೇಲಿನ ಪ್ರೀತಿಯಿಂದ ಕಟ್ಟಿದ ತಂಡ ಅದು. ಅವರ ಮೊದಲ ಆಲ್ಬಮ್ ‘ಬರ್ನಿಂಗ್ ಫಾರ್ಮ್’ ಅನ್ನು 1985ರಲ್ಲಿ ವಾಷಿಂಗ್ಟನ್ ರಾಜ್ಯದ ಒಲಿಂಪಿಯಾ ಪಟ್ಟಣದ ಕೆ ರೆಕಾರ್ಡ್ಸ್ ಎಂಬ ಪುಟ್ಟ ಸಂಸ್ಥೆ ಕ್ಯಾಸೆಟ್ಟಿನ ರೂಪದಲ್ಲಿ ಹೊರತಂದಿತು. ಮುಂದೆ ಕೊಬೇನ್ ತಮಗೆ ಪ್ರಿಯವಾದ ಐವತ್ತು ಆಲ್ಬಮ್‌ಗಳ ಪಟ್ಟಿಯನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಾಗ ಅದರಲ್ಲಿ ಈ ‘ಬರ್ನಿಂಗ್ ಫಾರ್ಮ್’ ಕೂಡ ಇತ್ತು. 1989ರಲ್ಲಿ ಸೋನಿಕ್ ಯೂತ್, ಎಲ್7 ಮುಂತಾದ ಅಮೆರಿಕದ ತಂಡಗಳು ಸೇರಿ ಶೋನೆನ್ ನೈಫ್ ಹಾಡುಗಳನ್ನೇ ಹಾಡಿದ ಗೌರವ ಸಂಕಲನವೊಂದು ಬಂದಿತು. ‘ನೆವರ್‌ಮೈಂಡ್’ ಬಂದದ್ದು 1991ರ ಸೆಪ್ಟೆಂಬರಿನಲ್ಲಿ.

ಆದ್ದರಿಂದ ಪ್ರಭಾವದ ಬಾಣವನ್ನು ತಿರುಗಿಸಿ ಹಿಡಿಯಿರಿ. ಇಲ್ಲಿ ಕೊಟ್ಟವರು ಒಸಾಕಾದವರು, ಪಡೆದವರು ಸಿಯಾಟಲ್ ಕಡೆಯವರು.

ಕಾಫಿಪುಡಿ

ಒಪ್ಪಿದೆ, ಕ್ಷಮಿಸಿ. ಆದರೂ ಒಂದು ಮಾತು. 1991ರ ಕೊನೆಯಲ್ಲಿ ನಿರ್ವಾಣ ತಂಡದ ಜೊತೆ ಅವರು ಇಂಗ್ಲೆಂಡಿನಲ್ಲಿ ಊರೂರು ಸುತ್ತಿ ಹಾಡಿದ ಮೇಲೆ ಬಂದ ಆಲ್ಬಮ್‌ಗಳನ್ನು ಕೇಳಿ ನೋಡಿ. 1993ರ ‘ರಾಕ್ ಅನಿಮಲ್ಸ್’ನಲ್ಲಿ ಗಿಟಾರು ಮೊದಲಿಗಿಂತ ಎಷ್ಟೋ ದಪ್ಪವಾಗಿದೆ. ಕೊಟ್ಟವರು ಸ್ವಲ್ಪ ಬಡ್ಡಿಯನ್ನೂ ವಸೂಲು ಮಾಡಿದ್ದಾರೆ ಎನ್ನಬಹುದಲ್ಲವೇ? ಆ ಪ್ರವಾಸಕ್ಕೆ ಆಹ್ವಾನ ಬಂದಾಗ ನಾವೊಕೊ ಅವರಿಗೆ ನಿರ್ವಾಣ ಯಾರೆಂದೇ ತಿಳಿದಿರಲಿಲ್ಲವಂತೆ; ಚಿತ್ರ ನೋಡಿ ಇವರು ಒರಟು ಮನುಷ್ಯರಿರಬೇಕೆಂದು ಹೆದರಿದ್ದರಂತೆ.

ಯೊಕೊಹಾಮ ವಾಸಿ

ನಾನು ತುಮಕೂರಿನವನು, ಹನ್ನೊಂದು ವರ್ಷಗಳಿಂದ ಯೊಕೊಹಾಮದಲ್ಲಿ ಕೆಲಸ ಮಾಡಿಕೊಂಡಿದ್ದೇನೆ. ಮೂರನೇ ತಂತಿ ಅವರ ಸಹೋದ್ಯೋಗಿ ಹೇಳಿದ ‘ಅಚ್ಚುಕಟ್ಟಿನ ಜಪಾನ್’ ಎಂಬ ಚಿತ್ರವೇ ಮೊದಲ ತಪ್ಪು ಎಂದು ನನಗನ್ನಿಸುತ್ತದೆ.

1989ರ ಡಿಸೆಂಬರ್ ಕೊನೆಯ ವಹಿವಾಟಿನ ದಿನ ಟೋಕಿಯೊ ಶೇರು ಸೂಚ್ಯಂಕ 38,900 ದಾಟಿ ನಿಂತಿತ್ತು, ಮರುವರ್ಷದಿಂದ ಕುಸಿಯತೊಡಗಿತು. ಅದರ ಹಿಂದೆಯೇ ಕಾಲೇಜು ಮುಗಿಸಿದ ಒಂದು ಇಡೀ ಪೀಳಿಗೆಗೆ ಕಾಯಂ ನೌಕರಿಯ ಬಾಗಿಲು ಮುಚ್ಚಿತು. ಆ ವರ್ಷಗಳನ್ನು ಇಲ್ಲಿನವರು ‘ಉದ್ಯೋಗದ ಹಿಮಯುಗ’ ಎಂದೇ ಕರೆಯುತ್ತಾರೆ. ಬೇಸರ ಸಿಯಾಟಲ್‌ನ ಗುತ್ತಿಗೆಯಲ್ಲ. ಅದೇ ಹೊತ್ತಿಗೆ, ಅಂದರೆ 1992ರ ಫೆಬ್ರವರಿಯಲ್ಲಿ, ನಿರ್ವಾಣ ತಂಡ ಒಸಾಕಾ, ನಗೋಯಾ, ಕವಾಸಾಕಿ ಮತ್ತು ಟೋಕಿಯೊಗಳಲ್ಲಿ ಕಛೇರಿ ಕೊಟ್ಟುಹೋಯಿತು. ಕವಾಸಾಕಿಯಲ್ಲಿ ಅವರು ನುಡಿಸಿದ ಕ್ಲಬ್ ಚಿಟ್ಟಾ ನನ್ನ ಮನೆಯಿಂದ ರೈಲಿನಲ್ಲಿ ಸ್ವಲ್ಪವೇ ದೂರ. ಅಂದಿನ ಕಛೇರಿಗೆ ಹೋಗಿದ್ದೆನೆಂದು ಹೇಳಿಕೊಳ್ಳುವ ಇಬ್ಬರು ನನ್ನ ಕಚೇರಿಯಲ್ಲಿದ್ದಾರೆ. ಅವರಲ್ಲೊಬ್ಬರ ವಯಸ್ಸನ್ನು ಲೆಕ್ಕ ಹಾಕಿದರೆ ಅವರು ಆಗ ಏಳನೆಯ ತರಗತಿಯಲ್ಲಿದ್ದಿರಬೇಕು, ಇರಲಿ ಬಿಡಿ.

ಇಷ್ಟಾದರೂ ಜಪಾನಿನಲ್ಲಿ ‘ಗ್ರಂಜ್ ಚಳವಳಿ’ ಎಂಬುದೊಂದು ಎದ್ದು ನಿಲ್ಲಲಿಲ್ಲ. ಅದಕ್ಕೆ ಕಾರಣ ಇಲ್ಲಿ ಊರೂರಿಗೂ ಅದರದೇ ಸದ್ದು ಮೊದಲೇ ಇದ್ದದ್ದು. ಒಸಾಕಾದಲ್ಲಿ ಕರ್ಕಶ ಸದ್ದನ್ನೇ ಸಂಗೀತವೆಂದು ನುಡಿಸುವ ತಂಡಗಳಿದ್ದವು. ಉತ್ತರದ ಸಪ್ಪೊರೊದಲ್ಲಿ ಹಾರ್ಡ್‌ಕೋರ್ ಪಂಕ್ ಬೇರುಬಿಟ್ಟಿತ್ತು. ದಕ್ಷಿಣದ ಫುಕುವೊಕಾದಲ್ಲಿ ಎಪ್ಪತ್ತರ ದಶಕದಿಂದಲೇ ‘ಮೆಂತಾಯಿ ರಾಕ್’ ಎಂಬ ಪರಂಪರೆಯಿತ್ತು; ಅಲ್ಲಿನ ಪ್ರಸಿದ್ಧ ಖಾರದ ಮೀನುಮೊಟ್ಟೆಯ ತಿನಿಸಿನಿಂದ ಬಂದ ಹೆಸರು ಅದು, ನಮ್ಮಲ್ಲಿ ಯಾರಾದರೂ ‘ಮೆಣಸಿನಕಾಯಿ ಬಜ್ಜಿ ರಾಕ್’ ಎಂದು ಕರೆದಂತೆ. ಅಮೆರಿಕದಿಂದ ಬಂದ ಸದ್ದು ಈ ಮೂರೂ ಕಡೆ ಮೂರು ಬಗೆಯಲ್ಲಿ ಬೆರೆಯಿತು. ಟೋಕಿಯೊದ ಮುಖ್ಯ ವಾಹಿನಿಯಲ್ಲಾದರೋ ಆ ವರ್ಷಗಳು ಎಕ್ಸ್ ಜಪಾನ್, ಲೂನಾ ಸೀ ಮುಂತಾದ, ಮುಖಕ್ಕೆ ಬಣ್ಣ ಹಚ್ಚಿ ಕೂದಲನ್ನು ಗೋಪುರವಾಗಿ ನಿಲ್ಲಿಸುತ್ತಿದ್ದ ತಂಡಗಳದಾಗಿದ್ದವು. ಹರಿದ ಸ್ವೆಟರಿನ ಗ್ರಂಜ್‌ಗೆ ಅದಕ್ಕಿಂತ ದೂರದ ವೇಷ ಇನ್ನೊಂದಿಲ್ಲ.

ನಿಧಾನಗತಿ

ಯೊಕೊಹಾಮ ವಾಸಿಯವರು ಟೋಕಿಯೊವನ್ನು ಒಂದೇ ವಾಕ್ಯದಲ್ಲಿ ದಾಟಿಬಿಟ್ಟರು. 1992ರಲ್ಲಿ ಅದೇ ಟೋಕಿಯೊದಲ್ಲಿ ಹುಟ್ಟಿದ ಬೋರಿಸ್ ತಂಡವನ್ನು ಮರೆಯುವುದು ಹೇಗೆ? ಪ್ರಭಾವಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಯಾರಿಗೂ ಸಿಗಲಾರದು, ಏಕೆಂದರೆ ಅವರ ಹೆಸರೇ ಮೆಲ್ವಿನ್ಸ್ ತಂಡದ 1991ರ ‘ಬುಲ್‌ಹೆಡ್’ ಆಲ್ಬಮ್‌ನ ಮೊದಲ ಹಾಡಿನ ಹೆಸರು. ಮೆಲ್ವಿನ್ಸ್ ಎಂದರೆ ಕೊಬೇನ್ ಹದಿಹರೆಯದಲ್ಲಿ ಯಾರ ಅಭ್ಯಾಸದ ಕೋಣೆಯಲ್ಲಿ ಮೂಲೆ ಹಿಡಿದು ಕೂರುತ್ತಿದ್ದರೋ, ಯಾರ ಸಾಮಾನು ಹೊರುತ್ತಿದ್ದರೋ ಆ ತಂಡ. ಗಿಟಾರಿನ ಶ್ರುತಿಯನ್ನು ಇಳಿಸಿ, ಲಯವನ್ನು ವಿಲಂಬಕ್ಕೆ ತಂದು, ಒಂದೊಂದು ಪೆಟ್ಟನ್ನೂ ಎತ್ತಿನಗಾಡಿಯ ಚಕ್ರದಂತೆ ಉರುಳಿಸುವುದನ್ನು ಸಿಯಾಟಲ್ ಸುತ್ತಿನ ಹುಡುಗರಿಗೆ ಕಲಿಸಿದವರೇ ಅವರು.

ಬೋರಿಸ್ ಆ ಪಾಠವನ್ನು ಎಲ್ಲಿಗೆ ಒಯ್ದರು ನೋಡಿ. 1996ರ ಮೊದಲ ಆಲ್ಬಮ್ ‘ಅಬ್ಸಲ್ಯೂಟಿಗೊ’ದಲ್ಲಿ ಇರುವುದು ಒಂದೇ ಒಂದು ಕೃತಿ, ಅದರ ಉದ್ದ ಒಂದು ಗಂಟೆಗೂ ಹೆಚ್ಚು. 1998ರ ಎರಡನೆಯದಕ್ಕೆ ‘ಆಂಪ್ಲಿಫೈಯರ್ ವರ್ಷಿಪ್’, ಅಂದರೆ ಧ್ವನಿವರ್ಧಕದ ಪೂಜೆ ಎಂದೇ ಹೆಸರು. ತಕೇಶಿ ಎರಡು ಕತ್ತಿನ ವಾದ್ಯವನ್ನು ಹೊತ್ತು ಒಂದರಲ್ಲಿ ಬೇಸ್, ಇನ್ನೊಂದರಲ್ಲಿ ಗಿಟಾರು ನುಡಿಸುತ್ತಾರೆ. ಪಕ್ಕದಲ್ಲಿ ವಾಟಾ ಎಂಬ ಗಿಟಾರ್ ವಾದಕಿ ಮುಖದ ಒಂದು ಗೆರೆಯನ್ನೂ ಅಲುಗಿಸದೆ ಕಟ್ಟಡವನ್ನೇ ಅಲುಗಿಸುತ್ತಾರೆ. ‘ಹೆವಿ ರಾಕ್ಸ್’ ಎಂಬ ಒಂದೇ ಹೆಸರಿನಲ್ಲಿ 2002, 2011 ಮತ್ತು 2022ರಲ್ಲಿ ಮೂರು ಬೇರೆ ಬೇರೆ ಆಲ್ಬಮ್ ತಂದಿದ್ದಾರೆ. 2023ರಲ್ಲಿ ಬೋರಿಸ್ ಮತ್ತು ಮೆಲ್ವಿನ್ಸ್ ಒಟ್ಟಾಗಿ ಅಮೆರಿಕ ಸುತ್ತಿದಾಗ ಮೆಲ್ವಿನ್ಸ್ ‘ಬುಲ್‌ಹೆಡ್’ ಅನ್ನು ಪೂರ್ತಿಯಾಗಿ ನುಡಿಸಿದರು. ತನ್ನ ಹೆಸರು ಬಂದ ಹಾಡನ್ನು ಅದರ ಕರ್ತೃಗಳೇ ಪ್ರತಿದಿನ ನುಡಿಸುವುದನ್ನು ಕೇಳುತ್ತಾ ಪಕ್ಕದಲ್ಲಿ ನಿಲ್ಲುವ ಭಾಗ್ಯ ಎಷ್ಟು ತಂಡಗಳಿಗೆ ಬಂದೀತು?

ಪಂಚಾಂಗ

ಬೋರಿಸ್ ಗ್ರಂಜ್ ಅಲ್ಲ. ಅದನ್ನು ಕೆಸರಿನಂತೆ ನಿಧಾನವಾಗಿ ಹರಿಯುವ ಸ್ಲಡ್ಜ್ ಎನ್ನಿ, ಒಂದೇ ಸ್ವರವನ್ನು ಎಳೆಯುವ ಡ್ರೋನ್ ಎನ್ನಿ, ಒಪ್ಪುತ್ತೇನೆ. ಗ್ರಂಜ್‌ನ ತಾತನಿಂದ ಕಲಿತವರೆಲ್ಲ ಗ್ರಂಜ್ ಆಗುವುದಾದರೆ ಬ್ಲ್ಯಾಕ್ ಸಬ್ಬಾತ್ ಕೇಳಿದ ನಮ್ಮ ಅಣ್ಣನೂ ಗ್ರಂಜ್ ಆಗಬೇಕಾಗುತ್ತದೆ.

ನಿಧಾನಗತಿ

ಪ್ರಶ್ನೆ ಇದ್ದದ್ದು ‘ಯಾರು ಗ್ರಂಜ್’ ಎಂದಲ್ಲ, ‘ಯಾರು ಅದರಿಂದ ಪಡೆದರು’ ಎಂದು. ಪ್ರಶ್ನೆಪತ್ರಿಕೆಯನ್ನು ಇನ್ನೊಮ್ಮೆ ಓದಬೇಕಾಗಿ ವಿನಂತಿ.

ಬೆಸುಗೆ ಕಡ್ಡಿ

ಮೈಸೂರಿನಲ್ಲಿ ಇಪ್ಪತ್ತು ವರ್ಷಗಳಿಂದ ಆಂಪ್ಲಿಫೈಯರ್ ಮತ್ತು ಪೆಡಲ್‌ಗಳ ರಿಪೇರಿ ಮಾಡಿಕೊಂಡಿರುವವನು ನಾನು. ನೀವೆಲ್ಲ ಹಾಡುಗಳ ವಂಶವೃಕ್ಷ ಬರೆಯುತ್ತಿದ್ದೀರಿ. ಸದ್ದು ಹೊರಡುವ ಪೆಟ್ಟಿಗೆಯನ್ನು ಯಾರೂ ತೆರೆದು ನೋಡಲಿಲ್ಲ. ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಸಹಿಸಿಕೊಳ್ಳಿ.

1958ರಲ್ಲಿ ವಾಷಿಂಗ್ಟನ್ ರಾಜ್ಯದ ಟಕೋಮಾದಲ್ಲಿ, ಅಂದರೆ ಸಿಯಾಟಲ್‌ನ ಪಕ್ಕದ ಊರಿನಲ್ಲಿ, ವೆಂಚರ್ಸ್ ಎಂಬ ವಾದ್ಯತಂಡ ಹುಟ್ಟಿತು. ಹಾಡುಗಾರರಿಲ್ಲದ, ಬರಿಯ ಗಿಟಾರಿನ ತಂಡ. ಅರವತ್ತರ ದಶಕದ ಮಧ್ಯದಲ್ಲಿ ಇವರು ಜಪಾನಿಗೆ ಹೋದಾಗ ಅಲ್ಲಿ ಎಲೆಕ್ಟ್ರಿಕ್ ಗಿಟಾರಿನ ಹುಚ್ಚೇ ಹತ್ತಿಕೊಂಡಿತು. ಅದನ್ನು ಅಲ್ಲಿನವರು ‘ಎಲೆಕಿ’ ಅಲೆ ಎಂದು ಈಗಲೂ ನೆನೆಯುತ್ತಾರೆ. ವೆಂಚರ್ಸ್ ಕೈಯಲ್ಲಿದ್ದದ್ದು ಮೊಸ್ರೈಟ್ ಎಂಬ ಕಂಪನಿಯ ಗಿಟಾರು. ಅದನ್ನು ಕೊಳ್ಳುವ ಶಕ್ತಿ ಎಲ್ಲ ಹುಡುಗರಿಗೂ ಇರುವುದಿಲ್ಲವಲ್ಲ, ಹಾಗಾಗಿ ಜಪಾನಿನ ಕಾರ್ಖಾನೆಗಳು ಅದೇ ಆಕಾರದ ಅಗ್ಗದ ಗಿಟಾರುಗಳನ್ನು ಮಾಡತೊಡಗಿದವು. ನಗಾನೊ ಪ್ರಾಂತದ ಮತ್ಸುಮೊತೊದಲ್ಲಿದ್ದ ಮತ್ಸುಮೊಕು ಎಂಬ ಕಾರ್ಖಾನೆ ಮೊಸ್ರೈಟ್ ಮಾದರಿಯ ಗಿಟಾರೊಂದನ್ನು ಯುನಿವಾಕ್ಸ್ ಹೈ-ಫ್ಲೈಯರ್ ಎಂಬ ಹೆಸರಿನಲ್ಲಿ ಅಮೆರಿಕಕ್ಕೆ ಕಳುಹಿಸಿತು. ಎಂಬತ್ತರ ದಶಕದ ಹೊತ್ತಿಗೆ ಅದು ಅಲ್ಲಿನ ಗಿರವಿ ಅಂಗಡಿಗಳ ಗೋಡೆಯಲ್ಲಿ ನೇತಾಡುತ್ತಿತ್ತು. ಅದನ್ನು ಕೊಂಡು, ವೇದಿಕೆಯ ಮೇಲೆ ಒಡೆದು, ಮತ್ತೊಂದನ್ನು ಕೊಂಡ ಎಡಗೈ ಹುಡುಗ ಯಾರೆಂದು ನಾನು ಹೇಳಬೇಕಾಗಿಲ್ಲ. ವಾಷಿಂಗ್ಟನ್ ರಾಜ್ಯದ ತಂಡದ ಕೈಯಲ್ಲಿ ಹೊರಟ ಆಕಾರ ಜಪಾನಿಗೆ ಹೋಗಿ, ನಕಲಾಗಿ, ವಾಷಿಂಗ್ಟನ್ ರಾಜ್ಯಕ್ಕೇ ಹಿಂತಿರುಗಿ ಗ್ರಂಜ್ ಆಯಿತು.

ಇಷ್ಟಕ್ಕೇ ಮುಗಿಯಲಿಲ್ಲ. ಕೊಬೇನ್ ಕಾಲಡಿಯಲ್ಲಿದ್ದ ಕಿತ್ತಳೆ ಬಣ್ಣದ, ಗಿಟಾರಿನ ಸದ್ದನ್ನು ಒರಟಾಗಿಸುವ ಡಿಸ್ಟಾರ್ಷನ್ ಪೆಡಲ್ ಬಾಸ್ ಕಂಪನಿಯ ಡಿಎಸ್-1, ಅದು 1978ರಲ್ಲಿ ಜಪಾನಿನಲ್ಲಿ ಹುಟ್ಟಿದ್ದು. ನಿರ್ವಾಣದ ‘ಇನ್ ಯುಟೆರೊ’ ಆಲ್ಬಮ್‌ನ ನಂತರದ ಪ್ರವಾಸದಲ್ಲಿ ಅವರು ನುಡಿಸಿದ ಎಡಗೈ ಮಸ್ಟಾಂಗ್ ಗಿಟಾರುಗಳು ಫೆಂಡರ್ ಜಪಾನ್‌ನವು. ನಾನು ಡಿಎಸ್-1 ಪೆಡಲ್‌ಗಳನ್ನು ಎಷ್ಟು ತೆರೆದಿದ್ದೇನೆಂದರೆ ಅದರ ಒಳಗಿನ ಹಸಿರು ಹಲಗೆ ಕಣ್ಣು ಮುಚ್ಚಿದರೂ ಕಾಣುತ್ತದೆ. ಅಗ್ಗದ ಬಿಡಿಭಾಗಗಳು, ಗಟ್ಟಿಯಾದ ಲೋಹದ ಡಬ್ಬಿ, ಹಾಳಾಗುವುದು ಹೆಚ್ಚಾಗಿ ಒತ್ತುಗುಂಡಿ ಮಾತ್ರ. ಈ ಸದ್ದಿನಲ್ಲಿ ಮೂಲ ಯಾವುದು, ನಕಲು ಯಾವುದು ಎಂದು ಮೂರನೇ ತಂತಿಯವರ ಸಹೋದ್ಯೋಗಿ ನನ್ನ ಮೇಜಿನ ಮೇಲೆ ಬಿಡಿಸಿ ತೋರಿಸಲಿ. ಬೆಸುಗೆ ಕಡ್ಡಿಯನ್ನು ನಾನೇ ಕಾಯಿಸಿ ಕೊಡುತ್ತೇನೆ.

ಕಾಫಿಪುಡಿ

ಬೆಸುಗೆ ಕಡ್ಡಿ ಅವರೇ, ಇದನ್ನು ಪ್ರತ್ಯೇಕ ಲೇಖನವಾಗಿ ಬರೆಯಿರಿ, ದಯವಿಟ್ಟು.

ನೇರಮಾತು

ಎಲ್ಲರೂ ಸುತ್ತಿ ಬಳಸಿ ಮಾತನಾಡುತ್ತಿದ್ದೀರಿ. ಕೇಳಿದವರಿಗೆ ನೇರ ಉತ್ತರ ಕೊಡುತ್ತೇನೆ: ಆರ್ಟ್-ಸ್ಕೂಲ್. ಇದು 2000ದಲ್ಲಿ ಕಿನೊಶಿತಾ ರಿಕಿ ಎಂಬ ಹಾಡುಗಾರರು ಟೋಕಿಯೊದಲ್ಲಿ ಕಟ್ಟಿದ ತಂಡ. ಕೊಬೇನ್ ಮೇಲಿನ ಆರಾಧನೆಯನ್ನು ಅವರು ಎಂದೂ ಮುಚ್ಚಿಟ್ಟವರಲ್ಲ. 2002ರ ‘ರಿಕ್ವಿಯಮ್ ಫಾರ್ ಇನ್ನೊಸೆನ್ಸ್’ ಮತ್ತು 2003ರ ‘ಲವ್/ಹೇಟ್’ ಕೇಳಿ: ಚರಣದಲ್ಲಿ ಪಿಸುಮಾತು, ಪಲ್ಲವಿಗೆ ಬಂದೊಡನೆ ಬಾಗಿಲು ಒದ್ದು ಒಳಬರುವ ಗಿಟಾರು, ಮೇಲೆ ಗಂಟಲು ಹರಿಯುವ ಕೂಗು. ನಿರ್ವಾಣದ ವ್ಯಾಕರಣವನ್ನು ಚಾಚೂ ತಪ್ಪದೆ ಪಾಲಿಸಿದವರು ಇವರು. 2012ರಲ್ಲಿ ‘ಬೇಬಿ ಆಸಿಡ್ ಬೇಬಿ’ ಆಲ್ಬಮ್‌ಗಾಗಿ ಷಿಕಾಗೊಗೆ ಹೋಗಿ, ‘ಇನ್ ಯುಟೆರೊ’ವನ್ನು ಧ್ವನಿಮುದ್ರಿಸಿದ ಸ್ಟೀವ್ ಆಲ್ಬಿನಿಯವರ ಸ್ಟುಡಿಯೊದಲ್ಲಿ ಅವರ ಕೈಯಿಂದಲೇ ಮುದ್ರಿಸಿಕೊಂಡು ಬಂದರು. ಇದನ್ನು ನಕಲು ಎನ್ನುವವರು ಎನ್ನಲಿ. ಗುರುವಿನ ಪಾಠಾಂತರವನ್ನು ಶಿಷ್ಯ ಸ್ವರ ಬಿಡದೆ ಹಾಡಿದರೆ ನಮ್ಮಲ್ಲಿ ಅದನ್ನು ನಿಷ್ಠೆ ಎನ್ನುತ್ತೇವೆ, ಗಿಟಾರಿನಲ್ಲಿ ಮಾಡಿದರೆ ಮಾತ್ರ ಕಳ್ಳತನವೇ?

ಪಂಚಾಂಗ

ಆಲ್ಬಿನಿಯವರ ಬಾಗಿಲಿಗೆ ಜಪಾನಿನಿಂದ ಹೋದ ಮೊದಲಿಗರು ಆರ್ಟ್-ಸ್ಕೂಲ್‌ನವರಲ್ಲ ಎಂಬುದನ್ನು ಸೇರಿಸಬೇಕು. ತೊಂಬತ್ತರ ದಶಕದ ಆರಂಭದಲ್ಲೇ ಜೆನಿ ಗೆವಾ ತಂಡ ಅವರೊಂದಿಗೆ ಮುದ್ರಿಸಿತ್ತು, ಅವರ ಜೊತೆ ವೇದಿಕೆಯಲ್ಲೂ ನುಡಿಸಿತ್ತು. ಮೆಲ್ಟ್-ಬನಾನಾ ತಂಡದ 1994ರ ಮೊದಲ ಆಲ್ಬಮ್ ಕೂಡ ಅವರದೇ ಮುದ್ರಣ. ತಮ್ಮನ್ನು ನಿರ್ಮಾಪಕ ಎಂದು ಕರೆಯಬೇಡಿ, ಮುದ್ರಿಸಿದವನು ಎಂದಷ್ಟೇ ಬರೆಯಿರಿ ಎನ್ನುತ್ತಿದ್ದ ಆ ಮನುಷ್ಯ ‘ಇನ್ ಯುಟೆರೊ’ಗೆ ರಾಯಧನ ಬೇಡವೆಂದು ಒಂದು ಲಕ್ಷ ಡಾಲರ್ ಮೊತ್ತವನ್ನಷ್ಟೇ ಪಡೆದಿದ್ದರು. 2024ರ ಮೇ ತಿಂಗಳಲ್ಲಿ ತೀರಿಕೊಂಡರು.

ಸ್ವರಾಂತ್ಯ

ನಾನು ಕನ್ನಡ ಅಧ್ಯಾಪಕಿ, ಹವ್ಯಾಸಕ್ಕಾಗಿ ನಾಲ್ಕು ವರ್ಷ ಜಪಾನಿ ಭಾಷೆ ಕಲಿತವಳು. ನೇರಮಾತು ಅವರು ‘ವ್ಯಾಕರಣ’ ಎಂದದ್ದರಿಂದ ಬಾಯಿ ತೆರೆಯುವ ಧೈರ್ಯ ಮಾಡುತ್ತಿದ್ದೇನೆ. ಆರ್ಟ್-ಸ್ಕೂಲ್ ನಿರ್ವಾಣದ ವ್ಯಾಕರಣವನ್ನು ಚಾಚೂ ತಪ್ಪದೆ ಪಾಲಿಸಿತು ಎಂಬುದನ್ನು ನಾನು ಒಪ್ಪಲಾರೆ, ಏಕೆಂದರೆ ಜಪಾನಿ ಭಾಷೆ ಅದಕ್ಕೆ ಅವಕಾಶ ಕೊಡುವುದಿಲ್ಲ.

ಇಂಗ್ಲಿಷಿನಲ್ಲಿ ಕೊಬೇನ್ ಪದಗಳನ್ನು ಅಗಿದು ನುಂಗುತ್ತಾರೆ. ವ್ಯಂಜನಗಳು ಒಂದರ ಮೇಲೊಂದು ಬಿದ್ದು ಅರ್ಥ ಮಸುಕಾಗುತ್ತದೆ, ಆ ಮಸುಕೇ ಅವರ ಸೊಗಸು. ಜಪಾನಿ ಪದಗಳು ನಮ್ಮ ಕನ್ನಡದ ಪದಗಳಂತೆ ಬಹುಮಟ್ಟಿಗೆ ಸ್ವರದಲ್ಲಿ ಕೊನೆಗೊಳ್ಳುತ್ತವೆ, ಕೊನೆಗೆ ವ್ಯಂಜನ ಬಂದರೆ ಅದು ಅನುಸ್ವಾರದಂತಹ ಒಂದು ‘ನ್’ ಮಾತ್ರ. ಒಂದೊಂದು ಮಾತ್ರೆಗೂ ಸಮಾನ ಕಾಲ ಸಲ್ಲಬೇಕು. ಹಾಗಾಗಿ ಜಪಾನಿ ಹಾಡುಗಾರ ಕೂಗಿದಾಗ ಪದ ಮಸುಕಾಗುವುದಿಲ್ಲ, ಬಾಯಿ ಅಗಲವಾಗಿ ತೆರೆದುಕೊಳ್ಳುತ್ತದೆ, ‘ಆ’ಕಾರ ‘ಓ’ಕಾರಗಳು ಬೀದಿಯಲ್ಲಿ ಕೂಗುವವರ ದನಿಯಂತೆ ದೂರಕ್ಕೆ ಹೋಗುತ್ತವೆ. ನಂಬರ್ ಗರ್ಲ್‌ನ ಮುಕಾಯಿ ಶುತೊಕು ಹಾಡುವುದನ್ನು ಗಮನಿಸಿ. ಅದು ಗೊಣಗಾಟವಲ್ಲ, ಊರಿನ ಜಾತ್ರೆಯಲ್ಲಿ ಹರಾಜು ಕೂಗುವವನ ಏರುದನಿ. ಕಛೇರಿಯ ಆರಂಭದಲ್ಲಿ ಅವರು ‘ಫುಕುವೊಕಾ ನಗರದ ಹಕಾತಾದಿಂದ ಬಂದಿದ್ದೇವೆ’ ಎಂದು ಬಹಳ ವಿನಯದ ಹಳೆಯ ಶೈಲಿಯಲ್ಲಿ ತಂಡವನ್ನು ಪರಿಚಯಿಸುತ್ತಿದ್ದರು. ನಮ್ಮ ನಾಟಕ ಕಂಪನಿಗಳ ಸೂತ್ರಧಾರನ ನೆನಪಾಗುತ್ತದೆ.

ಇನ್ನೊಂದು ಸಣ್ಣ ವಿಷಯ. ‘ನಿರ್ವಾಣ’ ನಮಗೆ ಶಾಸನಗಳಿಂದಲೂ ಜೈನ ಕಾವ್ಯಗಳಿಂದಲೂ ಪರಿಚಿತ ಪದ. ಅದೇ ಪದ ಬೌದ್ಧರೊಂದಿಗೆ ಚೀನಾದ ಮೂಲಕ ಜಪಾನಿಗೆ ಹೋಗಿ ‘ನೆಹಾನ್’ ಆಗಿ ಶತಮಾನಗಳೇ ಕಳೆದಿವೆ. 1992ರಲ್ಲಿ ಆ ಪದ ಅಮೆರಿಕದಿಂದ ಮೂವರು ಹುಡುಗರ ಬೆನ್ನೇರಿ ‘ನಿರುವಾನಾ’ ಎಂಬ ಉಚ್ಚಾರಣೆಯೊಂದಿಗೆ ಎರಡನೆಯ ಸಲ ಜಪಾನಿಗೆ ಬಂದಿತು. ಮುಕಾಯಿಯವರ ನಂತರದ ತಂಡದ ಹೆಸರು ಜಾಜೆನ್ ಬಾಯ್ಸ್. ಆ ‘ಜೆನ್’ ಎಂದರೆ ನಮ್ಮ ‘ಧ್ಯಾನ’ವೇ. ಎಲ್ಲವೂ ಅನಿತ್ಯ ಎಂಬ ಬೌದ್ಧ ಉಕ್ತಿಯನ್ನು ಅವರು ಹಾಡಿನ ನಡುವೆ ಮಂತ್ರದಂತೆ ಮತ್ತೆ ಮತ್ತೆ ಉಚ್ಚರಿಸುತ್ತಾರೆ. ಇದು ಸಿಯಾಟಲ್‌ನಿಂದ ಕಲಿತದ್ದಂತೂ ಅಲ್ಲ.

ಮೂರನೇ ತಂತಿ

ಮೇಡಂ, ಹರಾಜು ಕೂಗುವವನ ಹೋಲಿಕೆ ಓದಿ ಇನ್ನೊಮ್ಮೆ ಆಲ್ಬಮ್ ಹಾಕಿದೆ. ಇನ್ನು ಮುಂದೆ ಅದನ್ನು ಬೇರೆ ರೀತಿಯಲ್ಲಿ ಕೇಳಲು ನನಗೆ ಸಾಧ್ಯವಿಲ್ಲ.

ಎರಡನೇ ವರ್ಷ

ನಾನು ಇಂಜಿನಿಯರಿಂಗ್ ವಿದ್ಯಾರ್ಥಿ, ಹಿರಿಯರ ನಡುವೆ ಬಾಯಿ ಹಾಕುತ್ತಿದ್ದೇನೆ. ‘ಎಫ್‌ಎಲ್‌ಸಿಎಲ್’ ಎಂಬ ಆರು ಕಂತುಗಳ ಅನಿಮೆಯನ್ನು ನೋಡಿ ದಿ ಪಿಲ್ಲೋಸ್ ತಂಡದ ಹಾಡುಗಳಿಗೆ ಮನಸೋತೆ. ‘ಲಿಟಲ್ ಬಸ್ಟರ್ಸ್’, ‘ಬ್ಲೂಸ್ ಡ್ರೈವ್ ಮಾನ್‌ಸ್ಟರ್’ ಇವೆಲ್ಲ ಗ್ರಂಜ್ ಅಲ್ಲವೇ?

ಪಂಚಾಂಗ

ಬಾಯಿ ಹಾಕಿದ್ದು ಒಳ್ಳೆಯದೇ ಆಯಿತು ತಮ್ಮಾ, ಏಕೆಂದರೆ ನೀನು ಕೇಳಿದ ಪ್ರಶ್ನೆಯಲ್ಲಿ ಈ ಇಡೀ ಚರ್ಚೆಯ ಗಂಟು ಇದೆ. ಪಿಲ್ಲೋಸ್ 1989ರಲ್ಲಿ ಆರಂಭವಾಯಿತು, ಮೊದಲ ಕೆಲವು ವರ್ಷ ಬ್ರಿಟಿಷ್ ಪಾಪ್ ದಾರಿಯಲ್ಲಿ ನಡೆದು ಹೆಚ್ಚು ಮನ್ನಣೆ ಪಡೆಯಲಿಲ್ಲ. 1997ರ ‘ಪ್ಲೀಸ್ ಮಿಸ್ಟರ್ ಲಾಸ್ಟ್‌ಮ್ಯಾನ್’ನಿಂದ ಯಾಮಾನಾಕಾ ಸವಾವೊ ಅಮೆರಿಕದ ಪರ್ಯಾಯ ರಾಕ್ ಕಡೆ ತಿರುಗಿದರು. ಆದರೆ ಅವರ ಆರಾಧ್ಯ ದೈವ ಅಮೆರಿಕದ ಪಿಕ್ಸೀಸ್ ತಂಡ. 1999ರ ‘ಹ್ಯಾಪಿ ಬಿವ್ವಾಕ್’ನಲ್ಲಿ ಪಿಕ್ಸೀಸ್‌ನ ಬೇಸ್ ವಾದಕಿಯಾಗಿದ್ದ ಕಿಮ್ ಡೀಲ್ ಹೆಸರಿನಲ್ಲಿಯೇ ಒಂದು ಹಾಡಿದೆ.

ಈಗ ಗಮನಿಸು. ನಿರ್ವಾಣದ ‘ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್’ ಹಾಡನ್ನು ಬರೆಯುವಾಗ ತಾವು ಪಿಕ್ಸೀಸ್ ಶೈಲಿಯನ್ನು ಕದಿಯಲು ಯತ್ನಿಸುತ್ತಿದ್ದುದಾಗಿ ಕೊಬೇನ್ ಸಂದರ್ಶನದಲ್ಲಿ ಒಪ್ಪಿಕೊಂಡಿದ್ದಾರೆ. ನಂಬರ್ ಗರ್ಲ್‌ನವರೂ ಪಿಕ್ಸೀಸ್, ಹಸ್ಕರ್ ಡೂ, ಸೋನಿಕ್ ಯೂತ್ ಕೇಳಿ ಬೆಳೆದವರೇ. ಹೀಗಾಗಿ ನಿರ್ವಾಣ ಮತ್ತು ನಂಬರ್ ಗರ್ಲ್ ನಡುವಿನ ಸಂಬಂಧ ತಂದೆ ಮಕ್ಕಳದಲ್ಲ, ದಾಯಾದಿಗಳದು. ಒಂದೇ ಮನೆತನದ ಆಸ್ತಿ ಇಬ್ಬರಿಗೂ ಪಾಲಾಗಿ ಬಂದಿದೆ. ಮೂಗು ಒಂದೇ ತರಹ ಇರುವುದು ಅದರಿಂದ. ನಮ್ಮ ಮೂರನೇ ತಂತಿಯವರಿಗೆ ‘ಪರಿಚಿತರು ಮಾತನಾಡಿದಂತೆ’ ಕೇಳಿಸಿದ್ದು ಆ ಮೂಗೇ.

ನೇರಮಾತು

ಪಂಚಾಂಗದವರು ಕೊನೆಗೂ ತಿಥಿ ನಕ್ಷತ್ರ ಬಿಟ್ಟು ಒಂದು ಅಭಿಪ್ರಾಯ ಹೇಳಿದರು. ದಾಯಾದಿ ಎಂಬುದನ್ನು ಒಪ್ಪುತ್ತೇನೆ, ಆದರೆ ಆರ್ಟ್-ಸ್ಕೂಲ್ ವಿಷಯದಲ್ಲಿ ಅಲ್ಲ. ಅವರು ದತ್ತುಪುತ್ರರು, ದತ್ತಕ ಪತ್ರಕ್ಕೆ ತಾವೇ ಸಹಿ ಹಾಕಿಕೊಂಡವರು. ಅಂದ ಹಾಗೆ ‘ಬೇಬಿ ಆಸಿಡ್ ಬೇಬಿ’ಯಲ್ಲಿ ಬೇಸ್ ನುಡಿಸಿದವರು ನಂಬರ್ ಗರ್ಲ್‌ನ ನಕಾವೊ ಕೆಂತಾರೊ, ದಾಯಾದಿಯೂ ದತ್ತುಪುತ್ರನೂ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡಿದ್ದಾರೆ.

ಹಿತ್ತಲ ಬಾಗಿಲು

ಒಸಾಕಾದ ಬೋರ್ಡಮ್ಸ್ ತಂಡದ ಹೆಸರನ್ನು ಇಷ್ಟು ಹೊತ್ತಾದರೂ ಯಾರೂ ಎತ್ತದಿರುವುದು ಆಶ್ಚರ್ಯ. 1993ರಲ್ಲಿ ನಿರ್ವಾಣದ ಅಮೆರಿಕ ಪ್ರವಾಸದ ಕೆಲವು ಕಛೇರಿಗಳಿಗೆ ಮುನ್ನ ನುಡಿಸಿದವರು, 1994ರ ಲೊಲಾಪಲೂಜಾ ಉತ್ಸವದ ಮುಖ್ಯ ವೇದಿಕೆಗೆ ಹೋದವರು ಅವರು. ಅವರ ಯಮಾತಾಕಾ ಆಯ್, ಹಿಂದಿನ ತಂಡದಲ್ಲಿದ್ದಾಗ, 1985ರಲ್ಲಿ ಟೋಕಿಯೊದ ಸಭಾಂಗಣವೊಂದರ ಒಳಗೆ ಮಣ್ಣು ಅಗೆಯುವ ಯಂತ್ರವನ್ನೇ ನುಗ್ಗಿಸಿ ಗೋಡೆ ಒಡೆದವರು. ಗಿಟಾರು ಒಡೆಯುವುದು ಇವರ ಮುಂದೆ ಮಕ್ಕಳಾಟ. ಪ್ರಭಾವ ಎಲ್ಲಿಂದ ಎಲ್ಲಿಗೆ ಎಂದು ಕೇಳಬೇಡಿ. ಯಂತ್ರ ಬಂದ ದಾರಿಯಿಂದ ಪಕ್ಕಕ್ಕೆ ಸರಿದು ನಿಲ್ಲಿ.

ಸ್ವರಾಂತ್ಯ

ಯಂತ್ರ ನುಗ್ಗಿಸಿದವರ ಕಥೆ ಎಲ್ಲರಿಗೂ ಇಷ್ಟ. ಆದರೆ ಈ ಚರ್ಚೆಯಲ್ಲಿ ಬಂದ ವಾದಕಿಯರನ್ನು ಒಮ್ಮೆ ಎಣಿಸಿ. ಶೋನೆನ್ ನೈಫ್‌ನ ಮೂವರು, ಬೋರಿಸ್‌ನ ವಾಟಾ. ನಂಬರ್ ಗರ್ಲ್‌ನ ಆ ಚೂಪಾದ ಗಿಟಾರು ತಬುಚಿ ಹಿಸಾಕೊ ಅವರದು, ಅದನ್ನು ಯಾರೂ ಹೇಳಲೇ ಇಲ್ಲ. ಗ್ರಂಜ್‌ನ ತವರಾದ ಸಬ್ ಪಾಪ್ ರೆಕಾರ್ಡ್ ಸಂಸ್ಥೆ 1993ರಲ್ಲಿ ‘ಸೂಪರ್‌ಸ್ಟುಪಿಡ್!’ ಎಂಬ ಆಲ್ಬಮ್ ತಂದ ಸೂಪರ್‌ಸ್ನ್ಯಾಜ್ ಕೂಡ ಜಪಾನಿನ ಯುವತಿಯರದೇ ತಂಡ. ಸಿಯಾಟಲ್‌ನ ನಾಲ್ಕು ದೊಡ್ಡ ತಂಡಗಳೆಂದು ಹೆಸರಾದವುಗಳಲ್ಲಿ ಒಬ್ಬ ಹೆಣ್ಣುಮಗಳಾದರೂ ಇದ್ದಾಳೆಯೇ? ಮೂಲಕ್ಕೂ ನಕಲಿಗೂ ಇರುವ ವ್ಯತ್ಯಾಸ ಹುಡುಕುವವರು ಇಲ್ಲಿಂದ ಆರಂಭಿಸಬಹುದು.

ಬೆಸುಗೆ ಕಡ್ಡಿ

ತಬುಚಿಯವರ ಕೈಯಲ್ಲಿರುವುದು ಜಾಜ್‌ಮಾಸ್ಟರ್, ಮುಕಾಯಿಯವರ ಕೈಯಲ್ಲಿ ಟೆಲಿಕಾಸ್ಟರ್. ಎರಡೂ ಕೊರೆಯುವ ಗಿಟಾರುಗಳೇ. ಒಂದು ಗರಗಸ, ಇನ್ನೊಂದು ಉಳಿ. ಅಧ್ಯಾಪಕಿಯವರಿಗೆ ನನ್ನ ಬೆಂಬಲ.

ಯೊಕೊಹಾಮ ವಾಸಿ

ತಬುಚಿಯವರ ಹೆಸರು ಬಂದದ್ದರಿಂದ ನನ್ನ ಮನಸ್ಸಿನಲ್ಲಿದ್ದುದನ್ನು ಹೇಳಿಬಿಡುತ್ತೇನೆ. ನಂಬರ್ ಗರ್ಲ್ 2002ರ ನವೆಂಬರ್ 30ರಂದು ಸಪ್ಪೊರೊದಲ್ಲಿ ಕೊನೆಯ ಕಛೇರಿ ಕೊಟ್ಟು ಚದುರಿತು. 2019ರಲ್ಲಿ ಮತ್ತೆ ಸೇರಿತು, 2022ರ ಡಿಸೆಂಬರಿನಲ್ಲಿ ಮತ್ತೆ ನಿಂತಿತು. ಮೊದಲ ಸಲ ಚದುರಿದ ಮರುವರ್ಷ ತಬುಚಿ ಸೇರಿಕೊಂಡದ್ದು ಅದೇ ಸಪ್ಪೊರೊ ಮೂಲದ ಬ್ಲಡ್‌ಥರ್ಸ್ಟಿ ಬುಚರ್ಸ್ ಎಂಬ ತಂಡವನ್ನು. ಹೆಸರು ನೋಡಿ ಹೆದರಬೇಡಿ. ಕಟುಕರ ಹೆಸರಿಟ್ಟುಕೊಂಡ ಇಷ್ಟು ಮೃದು ಹೃದಯದ ತಂಡ ಇನ್ನೊಂದಿಲ್ಲ.

ಅವರ 1996ರ ಆಲ್ಬಮ್ ‘ಕೊಕೊರೊನೊ’, ಅಂದರೆ ‘ಹೃದಯದ’ ಎಂಬಲ್ಲಿಗೆ ನಿಂತುಹೋದ ಅರ್ಧ ಮಾತು. ಅದರ ಹಾಡುಗಳ ಹೆಸರು ಬರಿಯ ತಿಂಗಳುಗಳು, ಫೆಬ್ರವರಿಯಿಂದ ಡಿಸೆಂಬರ್‌ವರೆಗೆ. ಹಾರ್ಡ್‌ಕೋರ್‌ನ ಕೋಪ ಹಾಗೆಯೇ ಇದೆ, ಗ್ರಂಜ್ ಕಾಲದ ಭಾರವಾದ ಗಿಟಾರೂ ಇದೆ, ಆದರೆ ಅವೆರಡರ ಮೇಲೆ ಸಪ್ಪೊರೊ ಇರುವ ಹೊಕ್ಕೈದೊ ದ್ವೀಪದ ಹಿಮ ಬಿದ್ದಂತೆ ನಿಧಾನವೊಂದು ಆವರಿಸಿದೆ. ‘ಜುಲೈ’ ಹಾಡನ್ನು ನಾನು ಮೊದಲ ಸಲ ಕೇಳಿದ್ದು ಒಂದು ಸಣ್ಣ ಲೈವ್ ಹೌಸ್‌ನಲ್ಲಿ, ಬೇರೊಂದು ಎಳೆಯ ತಂಡದವರ ಬಾಯಿಂದ. ಕೇಳುಗರು ಒಟ್ಟು ಒಂಬತ್ತು ಜನ, ಅದರಲ್ಲಿ ನಾಲ್ವರು ಮುಂದಿನ ತಂಡದ ಸದಸ್ಯರು. ಇಲ್ಲಿನ ಸಣ್ಣ ಸಭಾಂಗಣಗಳಲ್ಲಿ ‘ನೊರುಮಾ’ ಎಂಬ ಪದ್ಧತಿಯಿದೆ. ತಂಡ ಇಂತಿಷ್ಟು ಟಿಕೆಟ್ ಮಾರಲೇಬೇಕು, ಮಾರದಿದ್ದರೆ ಉಳಿದ ಹಣವನ್ನು ತಾವೇ ತುಂಬಬೇಕು. ಆ ರಾತ್ರಿ ಹುಡುಗರು ನುಡಿಸಿ ಮುಗಿಸಿ, ಬೆವರು ಒರೆಸಿಕೊಂಡು, ಜೇಬಿನಿಂದ ನೋಟು ಎಣಿಸಿ ಕೌಂಟರಿನಲ್ಲಿ ಕೊಟ್ಟು, ಬಾಗಿ ನಮಸ್ಕರಿಸಿ ಹೋದರು. ಹಾಡುವುದಕ್ಕಾಗಿ ದುಡ್ಡು ಕೊಡುವ ಹುಡುಗರನ್ನು ಕಂಡ ಮೇಲೆ ನಕಲು, ಫ್ಯಾಷನ್ ಎಂಬ ಮಾತುಗಳು ನನ್ನ ಬಾಯಿಗೆ ಬರುವುದಿಲ್ಲ.

ಆ ಹಾಡುಗಳನ್ನು ಬರೆದ ಯೊಶಿಮುರಾ ಹಿದೆಕಿ 2013ರ ಮೇ ತಿಂಗಳಲ್ಲಿ ತೀರಿಕೊಂಡರು. ವಯಸ್ಸು ನಲವತ್ತಾರು.

ಕಾಫಿಪುಡಿ

‘ಜುಲೈ’ ಕೇಳಿದೆ. ಆಫೀಸಿನಲ್ಲಿ ಕೇಳಬಾರದಿತ್ತು.

ಎರಡನೇ ವರ್ಷ

ಒಂದು ಸಂದೇಹ. ಇವೆಲ್ಲ ಇಪ್ಪತ್ತು ಮೂವತ್ತು ವರ್ಷ ಹಳೆಯ ಮಾತಾಯಿತು. ಈಗಿನವರಲ್ಲಿ ಯಾರಿದ್ದಾರೆ? ಹಾಗೆಯೇ ಕನ್ನಡದಲ್ಲಿ ಇಂತಹ ತಂಡ ಏಕೆ ಹುಟ್ಟಲಿಲ್ಲ?

ನಿಧಾನಗತಿ

ಎರಡನೆಯ ಪ್ರಶ್ನೆಗೆ ಬೇರೆ ಚರ್ಚೆ ತೆರೆಯಪ್ಪಾ, ಇಲ್ಲಿ ಅದನ್ನು ಎತ್ತಿದರೆ ಬೋರಿಸ್ ಹಾಡಿಗಿಂತ ಉದ್ದವಾಗುತ್ತದೆ. ಮೊದಲನೆಯದಕ್ಕೆ ಉತ್ತರ: ಹಿತ್ಸುಜಿ ಬುಂಗಾಕು ಕೇಳು. ‘ಕುರಿ ಸಾಹಿತ್ಯ’ ಎಂದು ಹೆಸರಿನ ಅರ್ಥ. ನೀನು ಅನಿಮೆ ನೋಡುವವನಾದ್ದರಿಂದ ಈಗಾಗಲೇ ಕೇಳಿರುತ್ತೀಯೆ, 2023ರಲ್ಲಿ ‘ಜುಜುತ್ಸು ಕೈಸೆನ್’ನ ಶಿಬುಯಾ ಭಾಗದ ಮುಕ್ತಾಯಕ್ಕೆ ಬರುತ್ತಿದ್ದ ‘ಮೋರ್ ದ್ಯಾನ್ ವರ್ಡ್ಸ್’ ಅವರದೇ. ಶಿಯೊತ್ಸುಕಾ ಮೊಯೆಕಾ ಅವರ ದನಿ ತಣ್ಣಗಿರುತ್ತದೆ, ಕೆಳಗೆ ಗಿಟಾರು ಮಾತ್ರ ತೊಂಬತ್ತರ ದಶಕದ ಧೂಳನ್ನು ಇನ್ನೂ ಕೊಡವಿಕೊಂಡಿಲ್ಲ.

ಪಂಚಾಂಗ

ನಡುವಿನ ಕೊಂಡಿಯೊಂದನ್ನು ಬಿಟ್ಟಿರಿ. ಯೊಕೊಹಾಮದ ಕಾಂತೊ ಗಾಕುಯಿನ್ ವಿಶ್ವವಿದ್ಯಾಲಯದಲ್ಲಿ 1996ರಲ್ಲಿ ಹುಟ್ಟಿದ ಏಷಿಯನ್ ಕುಂಗ್-ಫು ಜನರೇಷನ್ ತಂಡದ 2003ರ ಆಲ್ಬಮ್‌ನಲ್ಲಿ ‘ಎನ್.ಜಿ.ಎಸ್.’ ಎಂಬ ಹಾಡಿದೆ. ಅದನ್ನು ಬಿಡಿಸಿದರೆ ‘ನಂಬರ್ ಗರ್ಲ್ ಸಿಂಡ್ರೋಮ್’. ಅಷ್ಟು ಹೊತ್ತಿಗೆ ಜಪಾನಿನ ಹುಡುಗರು ರೋಗ ಹತ್ತಿಸಿಕೊಳ್ಳಲು ಸಿಯಾಟಲ್‌ವರೆಗೆ ಹೋಗಬೇಕಾಗಿರಲಿಲ್ಲ, ಫುಕುವೊಕಾದಲ್ಲಿಯೇ ಸಿಗುತ್ತಿತ್ತು.

ಮೂರನೇ ತಂತಿ

ಎಲ್ಲರಿಗೂ ಕೃತಜ್ಞತೆಗಳು. ಬೆಸುಗೆ ಕಡ್ಡಿಯವರ ಮೊಸ್ರೈಟ್ ಕಥೆಯನ್ನು ಇಂದು ಊಟದ ಹೊತ್ತಿನಲ್ಲಿ ಸಹೋದ್ಯೋಗಿಗೆ ಹೇಳಿದೆ. ಅವರು ಚಪಾತಿ ಕೈಯಲ್ಲಿ ಹಿಡಿದುಕೊಂಡೇ ಕೇಳಿದರು, ‘ನಕಲು’ ಎಂಬ ಪದವನ್ನು ಹಿಂಪಡೆಯುವುದಾಗಿ ಹೇಳಿದರು, ಆದರೆ ಷರತ್ತೊಂದನ್ನು ಇಟ್ಟಿದ್ದಾರೆ. ‘ಅಬ್ಸಲ್ಯೂಟಿಗೊ’ ಹಾಕಿ ಹದಿನೇಳು ನಿಮಿಷ ಕಾದರಂತೆ. ಅದು ಸಂಗೀತವಲ್ಲ, ತಮ್ಮ ಮನೆಯ ಹಳೆಯ ಫ್ರಿಜ್ಜಿನ ಸದ್ದು, ಅದನ್ನು ಪಟ್ಟಿಯಿಂದ ತೆಗೆಯಬೇಕಂತೆ.

ಇನ್ನೊಂದು ಪ್ರಶ್ನೆ ಉಳಿದಿದೆ. ‘ಕೊಕೊರೊನೊ’ದಲ್ಲಿ ಹಾಡುಗಳು ಫೆಬ್ರವರಿಯಿಂದ ಆರಂಭವಾದರೆ ಜನವರಿ ಎಲ್ಲಿ ಹೋಯಿತು?

ನಿಧಾನಗತಿ

ಹದಿನೇಳು ನಿಮಿಷ ಕೇಳಿದವರು ಇನ್ನು ಮುಕ್ಕಾಲು ಗಂಟೆ ತಾಳಿಕೊಳ್ಳಬಹುದಿತ್ತು. ಪಟ್ಟಿಯಿಂದ ತೆಗೆಯುವ ಪ್ರಶ್ನೆಯೇ ಇಲ್ಲ.

ಯೊಕೊಹಾಮ ವಾಸಿ

ಜನವರಿ 2010ರಲ್ಲಿ ಬಂದಿತು. ಅದೇ ಆಲ್ಬಮ್‌ನ ಮರುಮುದ್ರಣದಲ್ಲಿ, ಹದಿನಾಲ್ಕು ವರ್ಷ ತಡವಾಗಿ ಸೇರಿಸಿದ್ದಾರೆ. ಮೊದಲು ಅದಿಲ್ಲದ ಆವೃತ್ತಿಯನ್ನೇ ಕೇಳಿ.